ಲಿಬುಶೆಗೆ ಗೊತ್ತಿದ್ದ ಇಪ್ಪತ್ನಾಲ್ಕು ಪದಗಳು

ನನ್ನ ನಾಲಿಗೆಗೆ ಬರೆ ಹಾಕಬೇಕು. ಲಿಬುಶೆಯ ವಿಷಯ ಹೇಳಲು ಕೂತರೆ ಮೊದಲು ಬಾಯಿಗೆ ಬರುವುದು ಇದೇ ಮಾತು.

ಸಾಜಾವಾ ನದಿಯ ದಡದ ನಮ್ಮ ಊರಿನ ಅಂಚೆ ಕಚೇರಿಯಲ್ಲಿ ಅವಳು ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವಳು. ಯಾರ ಮನೆಯ ನಂಬರು ಎಷ್ಟು, ಯಾರು ಯಾವ ವರ್ಷ ಮನೆ ಬದಲಿಸಿದರು, ಎಲ್ಲ ಬಾಯಿಪಾಠ. ಒಮ್ಮೆ ಕಣ್ಣಿಗೆ ಬಿದ್ದದ್ದು ಅವಳ ತಲೆಯಿಂದ ಅಳಿಸಿ ಹೋಗುವುದೇ ಇಲ್ಲ. ನನ್ನ ಪಬ್ಬಿನಲ್ಲಿ ಗಿರಾಕಿಗಳು ಅವಳ ಮೇಲೆ ಪಂದ್ಯ ಕಟ್ಟಿ ಸೋತು ಎಷ್ಟೋ ಸಲ ಬಿಯರ್ ಕೊಡಿಸಿದ್ದಾರೆ.

ನಿವೃತ್ತಿಯಾದ ಮೇಲೆ ಸುಮ್ಮನೆ ಅಣಬೆ ಆರಿಸಿಕೊಂಡು ಇರಬಹುದಿತ್ತು. ಇವಳು ಗುರುವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಕೂತು, ಬಿಟ್‌ಕಾಯಿನ್ ಇಟ್ಟುಕೊಂಡ ವಯಸ್ಸಾದವರಿಗೆ ಅದನ್ನು ಕಾಪಾಡಿಕೊಳ್ಳುವುದು ಹೇಗೆಂದು ಕಲಿಸತೊಡಗಿದಳು. ಆ ಡಿಜಿಟಲ್ ದುಡ್ಡಿನ ಬೀಗದ ಕೈ ಇರುವುದು ಬೆಂಕಿಪೊಟ್ಟಣದಷ್ಟಿರುವ ಒಂದು ಡಬ್ಬಿಯಲ್ಲಿ. ತಯಾರಿಸಿದವರಿಂದಲೇ ಕೊಳ್ಳಬೇಕು, ಮೊಹರು ಒಡೆದಿದ್ದರೆ ವಾಪಸು ಕಳಿಸಬೇಕು. ಅದರ ಪುಟ್ಟ ಪರದೆಯ ಮೇಲೆ ಇಪ್ಪತ್ನಾಲ್ಕು ಪದಗಳು ಒಂದೊಂದಾಗಿ ಬರುತ್ತವೆ, ಅವನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಬರೆದುಕೊಳ್ಳಬೇಕು. ಡಬ್ಬಿ ಕಳೆದುಹೋದರೂ ಆ ಪದಗಳಿದ್ದರೆ ದುಡ್ಡು ಸಿಗುತ್ತದೆ. ಪದಗಳನ್ನು ನೋಡಿದ ಕಳ್ಳನಿಗೂ ಅಷ್ಟೇ ಸಲೀಸಾಗಿ ಸಿಗುತ್ತದೆ. ಅದಕ್ಕೇ ಅವಳ ತರಗತಿಯಲ್ಲಿ ಫೋನುಗಳೆಲ್ಲ ಹೊರಗೆ ಬುಟ್ಟಿಯಲ್ಲಿ. ಜನ ಬರೆಯುವಾಗ ಅವಳು ಕುರ್ಚಿ ತಿರುಗಿಸಿ ಗೋಡೆ ನೋಡುತ್ತಾ ಕೂರುತ್ತಿದ್ದಳು. ಕಟ್ಟಿಕೊಂಡವರು ಕೇಳಿದರೂ ಹೇಳಬೇಡಿ, ನಾನೇ ಕೇಳಿದರೆ ಕೆನ್ನೆಗೆ ಬಾರಿಸಿ ಎನ್ನುವಳು.

ಹೋದ ಚಳಿಗಾಲ ವೆಂಡೆಲಿನ್ ಬಂದ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದ ಮುದುಕ, ಎಪ್ಪತ್ತೊಂಬತ್ತು ವರ್ಷ, ಎರಡೂ ಕಣ್ಣಿಗೆ ಪೊರೆ. ಅವನ ಉಳಿತಾಯದ ಬಿಟ್‌ಕಾಯಿನ್ ಎಲ್ಲ ಇದ್ದ ಆನ್‌ಲೈನ್ ಕಂಪನಿ ಮುಳುಗುತ್ತದೆಂಬ ಸುದ್ದಿ ಹಬ್ಬಿತ್ತು, ಬೇಗ ಅದನ್ನು ಡಬ್ಬಿಗೆ ತಂದುಕೊಳ್ಳಬೇಕಿತ್ತು. ಪರದೆಯ ಮೇಲಿನ ಅಕ್ಷರ ಕಾಣದು, ನೀನೇ ಓದಿ ಹೇಳು ಎಂದು ಗೋಗರೆದ. ಆಪರೇಷನ್ ಆಗಲಿ ಎಂದು ಎರಡು ಗುರುವಾರ ಇವಳು ವಾಪಸು ಕಳಿಸಿದಳು. ಮೂರನೆಯ ಗುರುವಾರ ಮುದುಕ ಅತ್ತೇಬಿಟ್ಟ. ಇವಳ ಮನಸ್ಸು ಕರಗಿ, ಕುರ್ಚಿಯನ್ನು ಅವನ ಕಡೆ ತಿರುಗಿಸಿ ಇಪ್ಪತ್ನಾಲ್ಕೂ ಪದ ಓದಿದಳು. ಓದಿದ್ದು ಅಲ್ಲೇ ಕೂತುಬಿಟ್ಟಿತು, ಅವಳ ತಲೆಯಲ್ಲಿ.

ಮುದುಕನಾದರೂ ಬಾಯಿ ಮುಚ್ಚಿಕೊಂಡಿದ್ದನೇ? ಭಾನುವಾರ ಮಧ್ಯಾಹ್ನ ನನ್ನ ಪಬ್ಬಿನಲ್ಲಿ ಹಂದಿಮಾಂಸ, ಕ್ನೆಡ್ಲಿಕಿ ಕಡುಬು ಮುಗಿಸಿ, ಎರಡನೆಯ ಬಿಯರ್ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ ದುಡ್ಡಿಗೆ ಯಾವ ತಿಜೋರಿನೂ ಬೇಡ ಕಣ್ರಪ್ಪ. ಪದ ಎಲ್ಲಾ ನಮ್ ಲಿಬುಶೆ ತಲೇಲಿ ಭದ್ರವಾಗಿದೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಿಟಕಿ ಪಕ್ಕ ನಮ್ಮ ಊರಿನವರಲ್ಲದ ಇಬ್ಬರು ಗಂಡಸರು ಕೂತಿದ್ದರು. ಬಿಲ್ಲು ಕೊಡುವಾಗ ಒಬ್ಬ ನಗುನಗುತ್ತಾ, ಲಿಬುಶೆ ಅಂದರೆ ಯಾರು ಎಂದು ಕೇಳಿದ. ಚರ್ಚಿನ ಹಿಂದಿನ ಹಳದಿ ಮನೆಯವಳು, ಅಂಚೆ ಕಚೇರಿಯಲ್ಲಿದ್ದವಳು ಎಂದೆ. ಒಬ್ಬಳೇ ಇರುವವಳು ಎಂದೂ ಸೇರಿಸಿದೆ. ಅದನ್ನು ಯಾರು ಕೇಳಿದ್ದರು ನನ್ನನ್ನು?

ಬುಧವಾರದಿಂದ ಆ ಹಳದಿ ಮನೆಯ ಎದುರು ಬೂದು ಬಣ್ಣದ ಕಾರೊಂದು ನಿಲ್ಲತೊಡಗಿತು. ಫೋನ್ ಬರುವುದು, ಎತ್ತಿದರೆ ಯಾರೂ ಮಾತಾಡರು. ಗ್ಯಾಸ್ ಮೀಟರ್ ನೋಡಬೇಕೆಂದು ಬಂದವನೊಬ್ಬ ಮೀಟರ್ ಬಿಟ್ಟು ಕಿಟಕಿಗಳನ್ನೆಲ್ಲ ನೋಡಿ ಹೋದ. ಪೊಲೀಸರು ಕಾರಿನ ನಂಬರು ಬರೆದುಕೊಂಡು, ಕಾರು ನಿಲ್ಲಿಸುವುದು ಅಪರಾಧವಲ್ಲ ಎಂದರು. ಲಿಬುಶೆ ನನ್ನ ಹತ್ತಿರ ಬಂದು, ಯಾರಾದರೂ ನನ್ನ ವಿಚಾರಿಸಿದರಾ ಎಂದು ಕೇಳಿದಾಗ ತೊಳೆಯುತ್ತಿದ್ದ ಗ್ಲಾಸು ಕೆಳಗಿಟ್ಟೆ. ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನವೇ ಮುದುಕನಿಗೆ ಹೊಸ ಡಬ್ಬಿ ತರಿಸಲು ಹೇಳಿದಳು. ಅದು ಬಂದ ದಿನ ಹಿತ್ತಲ ಬಾಗಿಲಿಂದ ಹೊರಟು ವೆಂಡೆಲಿನ್ ಮನೆಗೆ ಹೋದಳು, ನನ್ನನ್ನೂ ಕರೆದೊಯ್ದಳು. ಅಷ್ಟರಲ್ಲಿ ಅವನ ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಭೂತಗನ್ನಡಿ ಹಿಡಿದು ಹೊಸ ಡಬ್ಬಿ ತೋರಿಸಿದ ಬೇರೆ ಪದಗಳನ್ನು ಅವನೇ ಬರೆದುಕೊಂಡ. ನಾವಿಬ್ಬರೂ ಗೋಡೆಗೆ ಮುಖ ಮಾಡಿ ಕೂತಿದ್ದೆವು. ಬರೆದದ್ದು ಸರಿಯಿದೆಯೇ ನೋಡಲು ಹೊಸ ಡಬ್ಬಿಯ ನೆನಪನ್ನೆಲ್ಲ ಅಳಿಸಿಹಾಕಿಸಿ, ಅವೇ ಪದಗಳಿಂದ ಮತ್ತೆ ತೆರೆಸಿದಳು. ತೆರೆಯಿತು. ಆಮೇಲೆ ಹಳೆಯದರಲ್ಲಿದ್ದುದನ್ನೆಲ್ಲ ಅವನ ಕೈಯಲ್ಲೇ ಹೊಸದಕ್ಕೆ ಕಳಿಸಿದಳು. ಇನ್ನು ಅವಳ ತಲೆಯಲ್ಲಿರುವ ಪದಗಳಿಂದ ಮೂರು ಕಾಸೂ ಹುಟ್ಟುವುದಿಲ್ಲ. ಮುದುಕ ಖುಷಿಯಿಂದ ಪ್ಲಮ್ಮಿನ ಸಾರಾಯಿ ಸುರಿದುಕೊಟ್ಟ.

ದಾರಿಯಲ್ಲಿ ನಾನು ಹಗುರಾಗಿ, ಸದ್ಯ, ಇನ್ನು ನಿನಗೇನೂ ಗೊತ್ತಿಲ್ಲ, ಬದುಕಿದೆ ಎಂದೆ. ಅವಳು ನಿಂತಳು.

"ಅದು ನಿಂಗೊತ್ತು, ನಂಗೊತ್ತು. ಆ ಕಾರಿನವ್ರಿಗೆ ಗೊತ್ತಾ? ಮುಂಚೆ ಬಂದಿದ್ರೆ ಪದ ಕೊಟ್ಟು ಜೀವ ಉಳಿಸ್ಕೋಬಹುದಿತ್ತು ಕಣೆ. ಈಗ ಬಂದ್ರೆ ಏನ್ ಕೊಡ್ಲಿ? ಖಾಲಿ ಅಂದ್ರೆ ಯಾವನ್ ನಂಬ್ತಾನೆ?"

ನಮ್ಮ ಮನೆಗೆ ಬಂದಿರು ಎಂದರೆ, ನಿನ್ನನ್ನೂ ಇದಕ್ಕೆ ಎಳೆಯಲಾರೆ ಎಂದು ಹೋದಳು. ಬೂದು ಕಾರು ಈಗ ದಿನಾ ಬರುವುದಿಲ್ಲ, ಬಂದಾಗ ಮಾತ್ರ ಸಂಜೆಯವರೆಗೆ ಇರುತ್ತದೆ.

ನಾನು ಪಬ್ಬಿಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ, ಕೇಳದವರಿಗೂ ಗಟ್ಟಿಯಾಗಿ ಹೇಳುತ್ತೇನೆ: ಮುದುಕ ಪದ ಬದಲಿಸಿದ್ದಾನೆ, ಲಿಬುಶೆಗೆ ಏನೂ ಗೊತ್ತಿಲ್ಲ. ಊರಿಗೆಲ್ಲ ಗೊತ್ತಾಗಿದೆ. ಆ ಇಬ್ಬರು ಮಾತ್ರ ಮತ್ತೆ ಪಬ್ಬಿಗೆ ಬಂದಿಲ್ಲ.