ಆನೆಗೆ ಕೇಳಿಸಬಾರದ ಟಿಕ್ ಟಿಕ್

ನಮ್ಮ ಬಸ್ಸು ಬಣಕಲ್ ದಾಟಿದ ಮೇಲೆ ಕಾಫಿ ತೋಟದಿಂದ ಆನೆಯೊಂದು ರಸ್ತೆಗೆ ಇಳಿಯಿತು. ಡ್ರೈವರ್ ಎಂಜಿನ್ ಆಫ್ ಮಾಡಿ, "ಯಾರೂ ಸದ್ದು ಮಾಡ್ಬೇಡಿ" ಅಂದ. ಬಸ್ಸಿನಲ್ಲಿ ಕೇಳುತ್ತಿದ್ದದ್ದು ನನ್ನ ಟಿಕ್ ಟಿಕ್ ಒಂದೇ.

ಪಕ್ಕದ ಸೀಟಿನ ಅಜ್ಜಿ ಮೊಣಕೈಯಲ್ಲಿ ತಿವಿದರು. "ಆ ವಾಚು ಬಂದ್ ಮಾಡಿ ಮಾರಾಯ್ರೇ, ಆನೆಗೆ ಕೇಳ್ತದೆ."

"ವಾಚಲ್ಲ ಅಜ್ಜಿ, ಹಾರ್ಟಿಗೆ ಹಾಕಿರೋ ಲೋಹದ ವಾಲ್ವು. ಅದು ಬಂದ್ ಆದ್ರೆ ನಾನೂ ಬಂದ್."

ಅವರು ನಂಬದೆ ನನ್ನ ಎದೆಗೇ ಕಿವಿಯಿಟ್ಟರು. "ಹೌದಲ್ಲ! ಯಾಕೆ ಹಾಕಿದ್ರು?"

ಪಿಸುದನಿಯಲ್ಲೇ ಹೇಳಿದೆ. ಚಿಕ್ಕವನಿದ್ದಾಗ ಗಂಟಲುನೋವು ಬಂದಿತ್ತು, ಮನೆಯಲ್ಲಿ ಕಾಳುಮೆಣಸಿನ ಕಷಾಯ ಕೊಟ್ಟು ಸುಮ್ಮನಾದರು. ಗಂಟಲಿಗೆ ಹೊಕ್ಕ ರೋಗಾಣುವನ್ನು ಹಿಡಿಯಲು ಹೊರಟ ಮೈಯ ಕಾವಲುಪಡೆ, ಇದೂ ಆ ರೋಗಾಣುವೇ ಅಂದುಕೊಂಡು ಹಾರ್ಟಿನ ವಾಲ್ವಿಗೆ ಬಡಿಯಿತು. ಬರಬರುತ್ತಾ ವಾಲ್ವು ದಪ್ಪಗಾಗಿ, ಅಂಚು ಅಂಟಿಕೊಂಡು, ಸರಿಯಾಗಿ ತೆರೆಯದಂತಾಯಿತು.

"ಗೊತ್ತಾಯ್ತು. ತೋಟ ಹಾಳು ಮಾಡಿದ ಆನೆ ಬಿಟ್ಟು ಪಾಪದ ಆನೆ ಹಿಡಿದ ಹಾಗೆ," ಅಂದವರೇ ಫೋನ್ ತೆಗೆದು, ಎದುರಿಗಿದ್ದ ಆನೆಯನ್ನೂ ಮರೆತು ಮಗಳಿಗೆ ಕೂಗಿದರು. "ಪುಟ್ಟಿ ಗಂಟಲುನೋವಿಗೆ ನನ್ನ ಕಷಾಯ ಸಾಕು ಅಂದಿದ್ದೆನಲ್ಲ, ಬೇಡ! ಈಗ್ಲೇ ಡಾಕ್ಟರ ಹತ್ರ ಕರ್ಕೊಂಡು ಹೋಗು!"

ಆನೆ ನಿಂತು ಬಸ್ಸನ್ನು ನೋಡಿತು. ಬಸ್ಸಿಡೀ ಅಜ್ಜಿಯನ್ನು ನೋಡಿತು. ಕೊನೆಗೆ ಆನೆಯೇ ಬೇಸರಪಟ್ಟು ಕಾಡಿಗೆ ಇಳಿಯಿತು. ಎಲ್ಲಿದೆ ಅಂತ ತಿಳಿಯಲು ಅರಣ್ಯ ಇಲಾಖೆಯವರು ಅದರ ಕುತ್ತಿಗೆಗೆ ರೇಡಿಯೋ ಕಾಲರ್ ಕಟ್ಟಿದ್ದರು.

"ಅದಕ್ಕೆ ಹೊರಗೆ, ನಿಮಗೆ ಒಳಗೆ," ಅಂದರು ಅಜ್ಜಿ.

ಇದನ್ನು ಹೆಂಡತಿಗೆ ಹೇಳಬಾರದಿತ್ತು. ಈಗ ನಾನು ಸದ್ದಿಲ್ಲದೆ ಬೆಲ್ಲದ ಡಬ್ಬಿ ಹತ್ತಿರ ಹೋದರೂ, ಟಿಕ್ ಟಿಕ್ ಕೇಳಿ ಪಕ್ಕದ ಕೋಣೆಯಿಂದ "ಆನೆ ಬಂತು" ಅನ್ನುತ್ತಾಳೆ.