ಬಲಮೂಲೆಯ ಕರಿ ಮನೆ

ನನ್ನ ನೆನಪಿನ ಮೇಲೆ ನನಗೆ ಮೊದಲು ಅನುಮಾನ ಬಂದದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತಿದ್ದ ಹಳೆಯ ಸಹೋದ್ಯೋಗಿಗೆ, ಯಾದಗಿರಿ ನಿಲ್ದಾಣದಲ್ಲಿ ನಾನು ತಪ್ಪು ರೈಲು ಹತ್ತಿ ವಾಡಿಯಲ್ಲಿ ಇಳಿದು, ಅಲ್ಲಿ ಇನ್ನೊಂದು ತಪ್ಪು ರೈಲು ಹತ್ತಿದ ಪ್ರಸಂಗವನ್ನು ಕೈ ತಿರುಗಿಸಿ ಹೇಳಿದೆ. ಆತ ಹೋಳಿಗೆ ಮುರಿಯುತ್ತ ಕೊನೆಯವರೆಗೂ ಕೇಳಿದ. ಆಮೇಲೆ, "ಛಲೋ ಹೇಳಿದ್ರಿ. ಆದ್ರ ಆ ಗಾಡಿ ಹತ್ತಿದಾಂವ ನಾನು. ನಿಮಗ ಸ್ಟಾಫ್ ರೂಮಿನ್ಯಾಗ ನಾನ ಹೇಳಿದ್ದೆ" ಎಂದ. ಹೋಳಿಗೆಗೆ ತುಪ್ಪ ಬಡಿಸುವವನು ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು.

ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ, ಶಹಾಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅದನ್ನೇ ಕಲಿಸಿದವನು ನಾನು. ಅನುಮಾನಿಸುವುದು ನನ್ನ ಕಸುಬು. ಹಾಲಿನವನ ಲೀಟರು, ಪತ್ರಿಕೆಯ ರಾಶಿಫಲ, ಬಸ್ಸಿನ ವೇಳಾಪಟ್ಟಿ, ವೈದ್ಯರ ನಗು, ಎಲ್ಲವೂ ನನ್ನ ಪಟ್ಟಿಯಲ್ಲಿದ್ದವು. ನಾನೊಬ್ಬ ಮಾತ್ರ ಇರಲಿಲ್ಲ. ನಮ್ಮ ಹಳೆಯ ತಾರ್ಕಿಕರು ಜಾಣರು. ಕಣ್ಣಾರೆ ಕಂಡದ್ದು, ಕಂಡದ್ದರಿಂದ ಊಹಿಸಿದ್ದು, ಹೋಲಿಸಿ ತಿಳಿದದ್ದು, ಬಲ್ಲವರು ಹೇಳಿದ್ದು ಎಂದು ಜ್ಞಾನಕ್ಕೆ ನಾಲ್ಕು ಬಾಗಿಲು ಇಟ್ಟು, ನೆನಪನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿದರು. ಇದನ್ನು ವರ್ಷವರ್ಷವೂ ಪಾಠ ಮಾಡಿದೆ. ನನಗೆ ಅನ್ವಯಿಸಿಕೊಳ್ಳುವುದನ್ನು ಮಾತ್ರ ಮರೆತೆ.

ಈ ಪೀಠಿಕೆಯೆಲ್ಲ ಚದುರಂಗದ ಸಲುವಾಗಿ. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳ ಆಟಗಾರರದ್ದು ಮೊಬೈಲಿನಲ್ಲಿ ಒಂದು ಗುಂಪಿದೆ. ಸುರಪುರದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಅದರ ಯಜಮಾನರು. ಭಾನುವಾರ ಬೆಳಿಗ್ಗೆ ಯಾರಾದರೂ ಒಂದು ಪ್ರಶ್ನೆ ಹಾಕಬೇಕು. ಕಾಯಿಗಳನ್ನು ಹೀಗೆ ಹೀಗೆ ಇಟ್ಟಿದೆ, ಇಷ್ಟು ನಡೆಯಲ್ಲಿ ಮಾತ್ ಮಾಡಿ ಎನ್ನುವಂಥದ್ದು. ಉಳಿದವರು ಚಹಾ ಆರುವುದರೊಳಗೆ ಬಿಡಿಸಬೇಕು. ಮೊದಮೊದಲು ಒಬ್ಬೊಬ್ಬರು ಒಂದೊಂದು ರೀತಿ ಕೇಳುತ್ತಿದ್ದರು. ಯಾದಗಿರಿ ಪಕ್ಕದ ವಡಗೇರಾದ ಒಬ್ಬರು ಬಿಳಿಯ ಆಟವೋ ಕರಿಯ ಆಟವೋ ಹೇಳದೆಯೇ "ಬಿಡಸ್ರಿ ನೋಡೂಣು" ಎಂದಷ್ಟೇ ಬರೆಯುತ್ತಿದ್ದರು. ಶಿಸ್ತಿನ ಮನುಷ್ಯನಾದ ನಾನು ಒಂದು ನಮೂನೆ ಮಾಡಿ ಹಾಕಿದೆ:

ಆಡುವವರು: ಬಿಳಿ. ನಡೆ: ಮೂರು. ಮಟ್ಟ: ಮಧ್ಯಮ. ಮೂಲ: ಸ್ವಂತ. ಷರಾ: ಕುದುರೆಯನ್ನು ಅವಸರದಲ್ಲಿ ಕೊಡಬೇಡಿ.

ಅದು ನನ್ನದೇ ಒಂದು ಪ್ರಶ್ನೆಗೆ ತುಂಬಿದ ನಮೂನೆ. ಉಳಿದವರು ತಮ್ಮ ತಮ್ಮ ವಿವರ ತುಂಬಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ನಮೂನೆಯನ್ನು ಇಡಿಯಾಗಿ ಎತ್ತಿಕೊಂಡು ಚಿತ್ರ ಮಾತ್ರ ಬದಲಿಸಿದರು. ಕುದುರೆಯೇ ಇಲ್ಲದ ಪ್ರಶ್ನೆಗಳ ಕೆಳಗೂ ಕುದುರೆಯನ್ನು ಅವಸರದಲ್ಲಿ ಕೊಡಬೇಡಿ ಎಂಬ ಎಚ್ಚರಿಕೆ ಬರತೊಡಗಿತು. ಇದು ಪ್ರಶ್ನೆಗಳಿಗಷ್ಟೇ ಅಂಟಿದ ಜಾಡ್ಯವಲ್ಲ. ಯಾದಗಿರಿಯ ಗುಮಾಸ್ತರೊಬ್ಬರು ಒಮ್ಮೆ ಸಲಹೆ ಕೇಳುತ್ತ, "ನಾನು ಹನ್ನೆರಡು ವರ್ಷಗಳಿಂದ ಆಡುತ್ತಿದ್ದೇನೆ, ಎಡಗೈಯವನು, ಆಟದ ನಡುವೆ ಮಂತ್ರಿಯನ್ನು ಕಳೆದುಕೊಳ್ಳುತ್ತೇನೆ, ಮಾರ್ಗದರ್ಶನ ಮಾಡಿ" ಎಂದು ಬರೆದರು. ಮನವಿ ಚೆನ್ನಾಗಿದೆ ಎಂದು ಹೊಸದಾಗಿ ಸೇರಿದವರೆಲ್ಲ ಅದನ್ನೇ ನಕಲು ಮಾಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಗುಂಪಿನ ಅರ್ಧ ಜನ ಎಡಗೈಯವರಾಗಿದ್ದರು. ಹತ್ತು ವರ್ಷದ ಹುಡುಗಿಯೊಬ್ಬಳು ಹನ್ನೆರಡು ವರ್ಷಗಳಿಂದ ಆಡುತ್ತಿದ್ದಳು.

ಇದನ್ನೆಲ್ಲ ನೋಡಿ ನಗುತ್ತಿದ್ದವನಿಗೆ ಒಂದು ಭಾನುವಾರ ನಗು ನಿಂತಿತು. ಅಂದು ಪ್ರಶ್ನೆ ಹಾಕಿದವನು ಮಲ್ಲಣ್ಣ. ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಅವನದು ಬೀಜ ಗೊಬ್ಬರದ ಅಂಗಡಿ. ಹತ್ತನೆಯ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ಆಟದಲ್ಲಿ ನನ್ನನ್ನು ವಾರಕ್ಕೆ ನಾಲ್ಕು ಸಲವಾದರೂ ಸೋಲಿಸುತ್ತಾನೆ. ದಿನಾ ಸಂಜೆ ಹತ್ತಿಬೀಜದ ಚೀಲದ ಮೇಲೆ ಹಲಗೆ ಹಾಸಿ ಆಡುತ್ತೇವೆ. ಆ ವರ್ಷ ಸುರಪುರದಲ್ಲಿ ನಡೆಯಲಿದ್ದ ಮೂರೂರಿನ ಕೂಟಕ್ಕೆ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸವನ್ನು ಹೆಡ್‌ಮಾಸ್ತರರು ಅವನಿಗೆ ಒಪ್ಪಿಸಿದ್ದರು. ತನ್ನನ್ನು ಪರೀಕ್ಷೆಯಲ್ಲಿ ಕೂರಿಸಿದವರೇ ಹೆಚ್ಚಾಗಿದ್ದ ಈ ಲೋಕದಲ್ಲಿ ತಾನೊಂದು ಪರೀಕ್ಷೆ ನಡೆಸುವುದೆಂದರೆ ಮಲ್ಲಣ್ಣನಿಗೆ ಸಣ್ಣ ಮಾತಲ್ಲ. ಅದಕ್ಕೆಂದೇ ಹೊಸ ಕನ್ನಡಕ ಮಾಡಿಸಿದ್ದ.

ಅವನು ಹಾಕಿದ ಪ್ರಶ್ನೆ ನನ್ನದು. ಮೂರು ನಡೆ. ಮೊದಲು ಕುದುರೆ ಬಲಿ, ಆಮೇಲೆ ಮಂತ್ರಿ ಬಲಿ, ಕೊನೆಗೆ ಒಂದು ಬಡಪಾಯಿ ಪ್ಯಾದೆ ಒಂದು ಮನೆ ಮುಂದೆ ಹೋಗಿ ರಾಜನನ್ನು ಮುಗಿಸುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಅಚ್ಚಾದದ್ದು. ಅದನ್ನು ರಚಿಸಿದ ಗಳಿಗೆ ಕೂಡ ನೆನಪಿತ್ತು. ನಾರಾಯಣಪುರದ ಅಣೆಕಟ್ಟು, ನೀರಿನ ಸಪ್ಪಳ, ಬೆಳಗಿನ ಬಿಸಿಲು, ನೋಟ್‌ಬುಕ್ಕಿನಲ್ಲಿ ನನ್ನ ಪೆನ್ಸಿಲು. ಮಲ್ಲಣ್ಣನ ಪ್ರಶ್ನೆಯ ಕೆಳಗೆ "ಮೂಲ: ಸ್ವಂತ" ಎಂದಿತ್ತು. ಸಂಚಿಕೆ ಹುಡುಕಿ, ಆ ಪುಟದ ಚಿತ್ರ ತೆಗೆದು, "ಇದು ಕೃತಿಚೌರ್ಯ" ಎಂದು ಗುಂಪಿನಲ್ಲಿ ಹಾಕಿದೆ. ಅಷ್ಟು ಒಳ್ಳೆಯ ಶಬ್ದ ಬಳಸಿ ಬಹಳ ವರ್ಷವಾಗಿತ್ತು.

ಅರ್ಧ ಗಂಟೆಯಲ್ಲಿ ಗುಂಪು ಎರಡಾಯಿತು. ಇಷ್ಟು ದಿನ ಒಬ್ಬರ ಮನವಿಯನ್ನು ಒಬ್ಬರು ನಕಲು ಮಾಡಿದವರೆಲ್ಲ ಕಳವಿನ ಬಗ್ಗೆ ಖಾರವಾಗಿ ಬರೆದರು. ಕದ್ದವನ ಕೈಗೆ ಪ್ರಶ್ನೆಪತ್ರಿಕೆ ಕೊಡಬಾರದು ಎಂದರು. ಹೆಡ್‌ಮಾಸ್ತರರು, "ಮುಂದಿನ ಭಾನುವಾರದೊಳಗೆ ಮಲ್ಲಣ್ಣ ಸಮಜಾಯಿಷಿ ಕೊಡಲಿ, ಇಲ್ಲವಾದರೆ ಬೇರೆಯವರನ್ನು ನೋಡೋಣ" ಎಂದು ತೀರ್ಪು ಕೊಟ್ಟರು. ಮಲ್ಲಣ್ಣ ಒಂದಕ್ಷರ ಬರೆಯಲಿಲ್ಲ.

ಮೂರು ಸಂಜೆ ನಾನು ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿ ಮೊಬೈಲಿನೊಡನೆ ಆಡಿದೆ. ಮೊಬೈಲು ಚೆನ್ನಾಗಿ ಆಡುತ್ತದೆ, ಆದರೆ ಸೋತಾಗ ತೊಡೆ ತಟ್ಟಿಕೊಂಡು ಬೈಯುವುದಿಲ್ಲ. ನಾಲ್ಕನೆಯ ದಿನ, ಹಿತ್ತಲಿನ ಬದನೆಗಿಡಕ್ಕೆ ಗೊಬ್ಬರ ಬೇಕು ಎಂಬ ನೆಪ ಮಾಡಿಕೊಂಡು ಹೋದೆ. ಮಲ್ಲಣ್ಣ ತಕ್ಕಡಿ ಒರೆಸುತ್ತಿದ್ದ.

"ಕಳ್ಳ ಅಂದ್ರಿ ಸರ್. ಅಂದ್ರ ಅಂದ್ರಿ. ಗ್ರೂಪಿನ್ಯಾಗ ಯಾಕಂದ್ರಿ? ಇಲ್ಲಿ ಗಲ್ಲೇದ ಮುಂದ ನಿಂತು ಅಂದಿದ್ರ ನಾ ನಿಮಗ ಚಹಾ ತರಿಸಿ ಕೇಳ್ತಿದ್ದೆ."

"ಸ್ವಂತ ಅಂತ ಬರದೀಯಲ್ಲ ಮತ್ತ?"

"ನಾ ಎಲ್ಲಿ ಬರದೀನ್ರಿ? ಅದು ನೀವು ಬರದದ್ದು. ನಿಮ್ಮ ನಮೂನಿ ಒಳಗ ಮೊದ್ಲ ಇತ್ತು. ಕುದರಿ ಕೊಡಬ್ಯಾಡ್ರಿ ಅನ್ನೂದನ್ನೂ ನಾ ಅಳಸಿಲ್ಲ. ಅದರಾಗ ಕುದರಿ ಕೊಡೂದ ಉತ್ತರ."

ಮೊಬೈಲು ತೆಗೆದು ಮೇಲೆ ಕೆಳಗೆ ನೋಡಿದೆ. ಮಾತು ಸರಿಯಾಗಿತ್ತು. ಗುಂಪಿನಲ್ಲಿ ಆ ವರ್ಷ ಬಂದ ಪ್ರಶ್ನೆಗಳೆಲ್ಲ ಸ್ವಂತವೇ. ನಾನೇ ಎಲ್ಲರಿಗೂ ಹಂಚಿದ ಸ್ವಂತ.

"ಹಂಗಾರ ನಿನಗ ಇದು ಎಲ್ಲಿ ಸಿಕ್ತು?"

"ನಮ್ಮಕ್ಕ ಕಲಿಸಿದ್ದು. ನಾ ಸಣ್ಣಾಂವಿದ್ದಾಗಿಂದ ಬಾಯಿಪಾಠ ಐತಿ. ನಂಬಿಕಿ ಇಲ್ಲಂದ್ರ ಬರ್ರಿ, ಇಲ್ಲೇ ಸಗರದಾಗ ಅದಾಳ. ನೀವು ಹೆಂಗೂ ಯಾವುದನ್ನೂ ನಂಬೂದಿಲ್ಲ."

ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡ. ದಾರಿಯ ಎರಡೂ ಕಡೆ ಭತ್ತ ನಿಂತಿತ್ತು. ಕಾಲುವೆ ಬರುವ ಮುಂಚೆ ಇಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಜೋಳವೋ, ತೊಗರಿಯೋ, ಬರೀ ಬಯಲೋ. ಯಾವುದೂ ಖಾತ್ರಿಯಾಗಲಿಲ್ಲ. ಕಾಲುವೆ ಬಂದಾಗ ನಾನೂ ಇದ್ದೆ. ಎಂ.ಎ. ಮುಗಿಸಿ ಕೆಲಸವಿಲ್ಲದೆ, ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಲ್ಲಿ ಎಂಜಿನಿಯರಾಗಿದ್ದ ಭಾವನ ಮನೆಯಲ್ಲಿ ಒಂದು ಬೇಸಿಗೆ ಕಳೆದಿದ್ದೆ. ಅಕ್ಕ ಮಾಡಿದ ರೊಟ್ಟಿ ತಿಂದು, ನೀರು ನೋಡಿ, ಎಲ್ಲರೊಡನೆ ವಾದ ಮಾಡುವುದೇ ಆಗಿನ ಉದ್ಯೋಗ.

ಮಲ್ಲಣ್ಣನ ಅಕ್ಕ ಗುರುಬಸಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಕಡಲೆ ಹಸನು ಮಾಡುತ್ತಿದ್ದರು. ಅವರ ಗಂಡ ಅದೇ ಕ್ವಾರ್ಟರ್ಸಿನಲ್ಲಿದ್ದು, ಕಾಲುವೆಯಲ್ಲಿ ನೀರು ಎಷ್ಟು ಎತ್ತರ ಇದೆ ಎಂದು ದಿನಾ ಅಳೆದು ಬರೆಯುವ ಕೆಲಸದಲ್ಲಿದ್ದವರು. ನಾನು ಸಂಚಿಕೆ ಕೊಟ್ಟೆ. ಅವರು ಅದನ್ನು ನೋಡುವ ಮೊದಲು ನನ್ನನ್ನು ನೋಡಿದರು.

"ನೀವು ಎಂಜಿನಿಯರ್ ಸಾಹೇಬ್ರ ಮನ್ಯಾಗ ಇದ್ರಲ್ಲ? ಚಷ್ಮಾ ಹಾಕ್ಕೊಂಡು. ಏನ್ ಹೇಳಿದ್ರೂ 'ಅದು ಹೆಂಗ?' ಅಂತಿದ್ರಿ."

"ಅದು ಹೆಂಗ ಗುರ್ತು ಹಿಡದ್ರಿ?" ಎಂದುಬಿಟ್ಟೆ. ಮಲ್ಲಣ್ಣ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ.

ಗುರುಬಸಮ್ಮ ಪುಟವನ್ನು ದೂರ ಹಿಡಿದರು, ಹತ್ತಿರ ತಂದರು. "ಇದು ನಮ್ಮ ಕಟ್ಟಿ ಐತಿ" ಎಂದರು. "ಬಲಗಡಿ ಮೂಲಿ ನೋಡ್ರಿ. ಕರೀದು."

ಚದುರಂಗ ಆಡದವರಿಗೆ ಒಂದು ಮಾತು. ಹಲಗೆಯನ್ನು ಇಡುವಾಗ ಆಟಗಾರನ ಬಲಗೈ ಕಡೆಯ ಮೂಲೆಯ ಮನೆ ಬಿಳಿಯದಾಗಿರಬೇಕು. ಇದು ಎಲ್ಲ ಕಡೆಯ ನಿಯಮ. ಸಂಚಿಕೆಯ ಚಿತ್ರದಲ್ಲಿ ಅದು ಕಪ್ಪಾಗಿತ್ತು. ಅಚ್ಚಾದ ದಿನವೇ ಗಮನಿಸಿದ್ದೆ. ಅಚ್ಚುಮನೆಯವನ ತಪ್ಪು ಎಂದು ಮೂವತ್ತು ವರ್ಷ ಅವನನ್ನು ಬೈದುಕೊಂಡಿದ್ದೆ.

"ಕ್ವಾರ್ಟರ್ಸಿನ ಮುಂದ ಸಿಮೆಂಟಿನ ಕಟ್ಟಿ ಇತ್ತಲ್ಲ, ಅದರ ಮ್ಯಾಲ ಗೌಂಡಿ ಗೇಟಿಗೆ ಹಚ್ಚಿ ಉಳಿದ ಬಣ್ಣದಾಗ ಮನಿ ಬರದಿದ್ದ. ಆಟ ಬರತಿದ್ದಿಲ್ಲ ಅವಗ. ಉಲ್ಟಾ ಮೂಲಿಯಿಂದ ಸುರು ಮಾಡಿಬಿಟ್ಟ. ನಾವೆಲ್ಲ ಅದರ ಮ್ಯಾಲ ಕಲ್ತೀವಿ. ಹೊರಗಿನವರು ಬಂದು ನಗತಿದ್ರು."

ಸಂಚಿಕೆಗೆ ಕೊಟ್ಟ ಚಿತ್ರ ನನ್ನ ನೋಟ್‌ಬುಕ್ಕಿನದು. ನನ್ನ ಕೈಯದು. ನಿಯಮ ಗೊತ್ತಿದ್ದವನು ತನ್ನ ತಲೆಯಿಂದ ರಚಿಸಿದ್ದರೆ ಮೂಲೆಯನ್ನು ಬಿಳಿಯೇ ಬಿಡುತ್ತಿದ್ದ. ಕಪ್ಪು ಬಳಿದಿದ್ದಾನೆಂದರೆ ಎದುರಿಗಿದ್ದದ್ದನ್ನು ಇದ್ದ ಹಾಗೆ ಇಳಿಸಿಕೊಂಡಿದ್ದಾನೆ. ಹೊಗೆ ಕಂಡು ಬೆಂಕಿ ಊಹಿಸುವುದನ್ನು ಮೂವತ್ತು ವರ್ಷ ಕಲಿಸಿದವನಿಗೆ ಇಷ್ಟು ಸಾಕು. ನೆನಪು ಪೂರ್ತಿ ಸುಳ್ಳು ಹೇಳಿರಲಿಲ್ಲ. ನೀರಿನ ಸಪ್ಪಳ, ಬಿಸಿಲು, ಪೆನ್ಸಿಲು ಎಲ್ಲ ನಿಜ. ಪೆನ್ಸಿಲು ಏನು ಮಾಡುತ್ತಿತ್ತು ಎಂಬುದೊಂದನ್ನು ಬದಲಿಸಿಕೊಂಡಿತ್ತು.

"ಅಂದ್ರ ಈ ಪ್ರಶ್ನೆ ನಿಮ್ಮದು ಅಕ್ಕ" ಎಂದೆ.

"ನಂದು ಅಂತ ಹೆಂಗ ಅನ್ಲಿ? ಜೀಪಿನ ಡ್ರೈವರ್ರು ಇಬ್ರು ಆಡಕೋತ ಕುಂತಿದ್ರು. ಸಾಹೇಬ್ರು ಕರದ್ರು ಅಂತ ಹಂಗ ಬಿಟ್ಟು ಹೋದ್ರು. ನಾ ಅರಿವಿ ಒಣಾ ಹಾಕಾಕ ಬಂದಾಕಿ ನೋಡಿದೆ. ಒಂದು ಪ್ಯಾದಿ ಒಂದು ಮನಿ ಹಿಂದ ಇದ್ರ ಛಲೋ ಆಕ್ಕಿತ್ತು ಅನಿಸ್ತು, ಇಟ್ಟೆ. ಆ ಪ್ಯಾದಿ ನಂದು. ಉಳದದ್ದು ಅವರದು."

"ನಾನು ಬಿಡಿಸಿದ್ನೇನು?"

ಅವರು ಮೊರ ಒಂದು ಸಲ ಕೇರಿದರು. "ಮೂರು ದಿನ ಕುಂತ್ರಿ. ನಾಕನೇ ದಿನ ನಾನ ಹೇಳಿಕೊಟ್ಟೆ. ಆಮ್ಯಾಲ ಬರಕೊಂಡ್ರಿ. ಹೋಗ್ಲಿ ಬಿಡ್ರಿ, ಕಡ್ಲಿ ತಿಂತೀರೇನು?"

ಕಡಲೆ ತಿಂದೆವು. ಅವಮಾನವಾಗಬೇಕಿತ್ತು, ಆಗಲಿಲ್ಲ. ಹೊತ್ತಿದ್ದ ಚೀಲವೊಂದನ್ನು ಅದರ ಧಣಿಯ ಮನೆಗೇ ಇಳಿಸಿದ ಹಗುರ. ಈ ಆಟದಲ್ಲಿ ಮೊದಲ ಹತ್ತು ನಡೆಗಳನ್ನು ನಾವ್ಯಾರೂ ಸ್ವಂತ ಆಡುವುದಿಲ್ಲ. ಯಾರೋ ಎಂದೋ ಆಡಿ ಸೋತು ಗೆದ್ದು ಬಿಟ್ಟುಹೋದ ದಾರಿಯಲ್ಲಿ ಹೋಗುತ್ತೇವೆ. ಹನ್ನೊಂದನೆಯದು ನಮ್ಮದಿರಬಹುದು, ಅದೂ ಅನೇಕ ಸಲ ತಪ್ಪು ನಡೆ. ಕಾಲುವೆಯ ನೀರನ್ನೂ ನನ್ನ ಹೊಲದ ನೀರು ಎನ್ನುತ್ತೇವೆ. ಅದನ್ನು ಹೊಲಕ್ಕೆ ತಿರುಗಿಸಲು ಒಡ್ಡಿನಲ್ಲಿ ಕಡಿದ ಮಡೆಯಷ್ಟೇ ನಮ್ಮದು. ಗುರುಬಸಮ್ಮ ತಮ್ಮ ಪಾಲನ್ನು ಒಂದು ಮನೆ, ಒಂದು ಪ್ಯಾದೆ ಎಂದು ಕರಾರುವಾಕ್ಕಾಗಿ ಹೇಳಿದರು. ಅಷ್ಟು ಸರಿಯಾಗಿ ತನ್ನದನ್ನು ಅಳೆದು ಹೇಳಿದವರನ್ನು ವಿಶ್ವವಿದ್ಯಾಲಯದಲ್ಲಿ ನಾನು ಕಂಡಿರಲಿಲ್ಲ.

ಹೊರಡುವಾಗ ಗೋಡೆಯ ಗೂಡಿನಲ್ಲಿ ಅವರ ಗಂಡ ಕ್ವಾರ್ಟರ್ಸಿನಲ್ಲಿ ಬರೆಯುತ್ತಿದ್ದ ಹಳೆಯ ನೀರಿನ ವಹಿಗಳು ಕಂಡವು. ಮೇಲಿನದನ್ನು ತೆರೆದೆ. ಸ್ಥಳ, ವೇಳೆ, ಮಟ್ಟ, ಷರಾ ಎಂದು ಉದ್ದಕ್ಕೂ ಅಂಕಣ ಹಾಕಿತ್ತು. ಚದುರಂಗದ ನಮೂನೆಯಲ್ಲಿ "ಮಟ್ಟ" ಎಂಬ ಶಬ್ದ ಎಲ್ಲಿಂದ ಬಂತು ಎಂದು ನಾನು ಯೋಚಿಸಿಯೇ ಇರಲಿಲ್ಲ. ವಹಿಯನ್ನು ಮೆಲ್ಲಗೆ ಮುಚ್ಚಿಟ್ಟೆ. ಒಂದು ದಿನಕ್ಕೆ ಒಂದು ತಪ್ಪೊಪ್ಪಿಗೆ ಸಾಕು.

ಅಂದು ಸಂಜೆಯೇ ಅಂಗಡಿಯಲ್ಲಿ, ಮಲ್ಲಣ್ಣನ ಎದುರೇ ಕೂತು ಗುಂಪಿಗೆ ಬರೆದೆ. ನಡೆದದ್ದನ್ನು ನಡೆದ ಹಾಗೆ ಹೇಳಿ, ಮಲ್ಲಣ್ಣನ ಕ್ಷಮೆ ಕೇಳಿ, ಅದೇ ಪ್ರಶ್ನೆಯನ್ನು ಮತ್ತೆ ಹಾಕಿ, ನಮೂನೆಯನ್ನು ಹೊಸದಾಗಿ ತುಂಬಿದೆ:

ಆಡುವವರು: ಬಿಳಿ. ನಡೆ: ಮೂರು. ಮಟ್ಟ: ಮೂರು ದಿನ. ಮೂಲ: ನಾರಾಯಣಪುರದ ಕಟ್ಟೆ, ಪ್ಯಾದೆ ಗುರುಬಸಮ್ಮನವರದು. ಮರೆತವನು: ನಾನು.

ಮಲ್ಲಣ್ಣ ಓದಿ, "ಕುದರಿ ಮಾತು ತಗದ್ರಿ, ಛಲೋ ಆತು" ಎಂದು ಚಹಾ ಹೇಳಿದ. ಹೆಡ್‌ಮಾಸ್ತರರು ಸುರಪುರದ ಪ್ರಶ್ನೆಪತ್ರಿಕೆ ಮಲ್ಲಣ್ಣನದೇ ಎಂದು ಬರೆದರು. ಅವನು ಹೊಸ ಕನ್ನಡಕ ಹಾಕಿಕೊಂಡು ಆ ಸಂದೇಶವನ್ನು ನನಗೆ ಎರಡು ಸಲ ಓದಿ ಹೇಳಿದ. ಆಮೇಲೆ ಕಾಯಿ ಜೋಡಿಸಿ ನನ್ನನ್ನು ಸೋಲಿಸಿದ.

ಮುಂದಿನ ಭಾನುವಾರ ಬೆಳಿಗ್ಗೆ ಗುಂಪು ತೆರೆದೆ. ಆರು ಪ್ರಶ್ನೆಗಳು ಬಂದಿದ್ದವು. ಯಾದಗಿರಿಯ ಗುಮಾಸ್ತರದು, ವಡಗೇರಾದವರದು, ಹತ್ತು ವರ್ಷದ ಆ ಹುಡುಗಿಯದು, ಇನ್ನೂ ಮೂವರದು. ಹೊಸ ನಮೂನೆ ಎಲ್ಲರಿಗೂ ಹಿಡಿಸಿತ್ತು. ಆರರಲ್ಲೂ ಚಿತ್ರ ಬೇರೆ ಬೇರೆ, ಕೊನೆಯ ಸಾಲು ಮಾತ್ರ ಒಂದೇ: ಮರೆತವನು: ನಾನು. ತಿದ್ದಲು ಬೆರಳೆತ್ತಿದವನು ತಡೆದೆ. ನಮ್ಮ ಗುಂಪಿನಲ್ಲಿ ಒಂದು ಸಾಲನ್ನಾದರೂ ಎಲ್ಲರೂ ನಿಜ ತುಂಬಿದ್ದು ಅದೇ ಮೊದಲ ಸಲ.