ಒಣಗದ ಸೀರೆ

ಅಕ್ಕನನ್ನು ಕೊಟ್ಟದ್ದು ಸಮುದ್ರದ ದಂಡೆಯ ಒಂದು ಊರಿಗೆ. ಪಾವಗಡದ ಬಿಸಿಲಲ್ಲಿ ಬೆಳೆದವಳಿಗೆ, ಅಲ್ಲಿ ಯಾವುದೂ ಒಣಗುವುದಿಲ್ಲ ಎನ್ನುವುದೇ ದೊಡ್ಡ ದೂರು. “ನಮ್ಮೂರಾಗೆ ಬಟ್ಟೆ ಒಣಗ್ಸೋದು ಒಂದು ಕೆಲ್ಸಾನೇನೇ? ಇಲ್ಲಿ ಅದೇ ಒಂದು ಸಂಸಾರ ಕಣೆ,” ಎಂದು ಫೋನಿನಲ್ಲಿ ಗೊಣಗುತ್ತಿದ್ದಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ, ಮದುವೆಯಾಗದೆ ನಮ್ಮೂರು ತಿರುಮಣಿಯಲ್ಲೇ ಉಳಿದ ನನ್ನನ್ನು ಬೈಯಲಿಕ್ಕೆ ಇದ್ದವಳು ಅವಳೊಬ್ಬಳೇ.

ನಮ್ಮ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಒಮ್ಮೆ ಬಂದಿದ್ದಳು. ಮಾಳಿಗೆ ಹತ್ತಿ, ಕಣ್ಣು ಹಾಯುವಷ್ಟು ದೂರ ಹರಡಿದ ನೀಲಿ ಫಲಕಗಳನ್ನು ನೋಡಿ, “ಲೇ, ಸಮುದ್ರ ಬುಟ್ಟು ಬಂದ್ರೆ ಅದೂ ನನ್ನ ಹಿಂದೇನೇ ಬಂದ್ಬುಟ್ಟೈತಲ್ಲೇ!” ಎಂದು ನಕ್ಕಿದ್ದಳು.

ಹೋದ ವರ್ಷ ಜ್ವರ ಬಂದು ಅವಳೇ ಹೋಗಿಬಿಟ್ಟಳು. ಕಾರ್ಯವೆಲ್ಲ ಮುಗಿದ ಮೇಲೆ ಭಾವ ಅವಳ ಹಸಿರು ನೂಲಿನ ಸೀರೆಯನ್ನು ನನ್ನ ಕೈಗಿತ್ತರು. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನಬಾರದು, ಸುಮ್ಮನೆ ಎದ್ದು ಬರಬೇಕು. ನನಗೇನು ಗೊತ್ತಿಲ್ಲದ್ದಲ್ಲ. ಆದರೂ ಚಪ್ಪಲಿ ಮೆಟ್ಟಿಕೊಂಡು, ಪ್ರತಿ ಸಲದ ಹಾಗೆ ಅಡುಗೆಮನೆಯ ಕಡೆ ಕತ್ತು ಚಾಚಿ, “ಬತ್ತೀನಿ ಕಣಕ್ಕ” ಅಂದುಬಿಟ್ಟೆ. ಭಾವ ತಲೆ ತಗ್ಗಿಸಿದರು.

ಊರಿಗೆ ಬಂದು ಸೀರೆ ಒಗೆದು ಅಂಗಳದ ಹಗ್ಗಕ್ಕೆ ಹಾಕಿದೆ. ನಮ್ಮ ಬಿಸಿಲಿಗೆ ಕೊನೆಯ ಬಟ್ಟೆ ಹರವುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಆದರೆ ಸಂಜೆ ಮುಟ್ಟಿದರೆ ಸೀರೆ ತಣ್ಣಗೆ, ಒದ್ದೆ. ಮರುದಿನವೂ ಹಾಗೇ. ಪಕ್ಕದಲ್ಲಿದ್ದ ನನ್ನ ಲಂಗ ಹಪ್ಪಳದ ಹಾಗೆ ಗರಿಗರಿ. ಸೆರಗಿನ ತುದಿಯನ್ನು ತುಟಿಗೆ ತಾಗಿಸಿದೆ. ಉಪ್ಪು. ಹೆದರಿಕೆಯಾಗಬೇಕಿತ್ತು. ಸುಳ್ಳು ಯಾಕೆ, ಸಂತೋಷವಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಪಕ್ಕ ಕೂತು ಮಾತಾಡತೊಡಗಿದೆ.

ಪಕ್ಕದ ಮನೆಯ ಅಜ್ಜಿ ಆಂಧ್ರದ ಕಡೆಯಿಂದ ಬಂದವಳು. ನಡೆದದ್ದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡಳು. “ಅಯ್ಯೋ ತಲ್ಲೀ, ನೀನು ಬತ್ತೀನಿ ಅಂದೆ, ಅವ್ಳು ನಿನ್ನ ಜೊತೇಲೇ ಬಂದ್ಬುಟ್ಟವ್ಳೆ. ಇಂಗೆ ಇಟ್ಕೊಂಡ್ರೆ ಅವ್ಳ್ಗೆ ದಾರಿ ಸಿಗಾಕಿಲ್ಲ. ‘ಹೋಗು’ ಅನ್ನು. ಅದ್ರ ಜೊತೆ ‘ಬಾ’ ಸೇರ್ಸ್‌ಬ್ಯಾಡ.”

ನಾವು ಯಾರಿಗೂ ಬರೀ ‘ಹೋಗು’ ಅನ್ನುವವರಲ್ಲ. ಹಾಲು ಹಾಕಿ ಹೊರಟವನಿಗೂ ‘ಹೋಗಿ ಬಾ’ ಅಂತಲೇ ಅನ್ನುತ್ತೇವೆ. ಜಗಳವಾಡಿ ಮನೆಯಿಂದ ಅಟ್ಟುವಾಗ ಮಾತ್ರ ಆ ಒಂಟಿ ಮಾತು ಬಾಯಿಗೆ ಬರುತ್ತದೆ. ಅಕ್ಕನಿಗೆ ಅದನ್ನು ಹೇಗೆ ಹೇಳಲಿ? ಆದರೆ ನನ್ನಿಂದಾಗಿ ಅವಳು ನಡುದಾರಿಯಲ್ಲಿ ಉಳಿಯುವುದೂ ಬೇಡವಾಗಿತ್ತು.

ಹೊತ್ತು ಮುಳುಗುವ ಮುಂಚೆ ಅಂಗಳಕ್ಕೆ ಹೋಗಿ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಚೆ ಫಲಕಗಳ ಮೇಲೆ ಬೆಳಕು ಅಲುಗಾಡುತ್ತಿತ್ತು. “ಹೋಗಕ್ಕ,” ಅಂದೆ.

ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಹಿಂದೆ ತಿರುಗಿದರೆ ಮನೆಯಲ್ಲಿ ದೀಪ ಹಚ್ಚಲು ನಾನು ಬಿಟ್ಟರೆ ಯಾರೂ ಇರಲಿಲ್ಲ.

“ಹೋಗ್ಬುಟ್ಟು ಬಾ,” ಅಂದೆ.

ಸೀರೆ ಇನ್ನೂ ಹಗ್ಗದ ಮೇಲೆಯೇ ಇದೆ, ಒಣಗಿಲ್ಲ.